ಪೆಲ್ಲೆಟ್ ತಿಂದರೆ ಆಮೆಯ ಚಿಪ್ಪು ಉಬ್ಬುತ್ತದೆಯೇ?

ಪ್ರಶ್ನೆ: ನಾವು ಸಾಕಿರುವ ನೆಲದ ಆಮೆಗೆ ಸೊಪ್ಪಿನ ಜೊತೆ ಸಿದ್ಧ ಪೆಲ್ಲೆಟ್ (ಗುಳಿಗೆಯಂತೆ ಒತ್ತಿ ಮಾಡಿದ ಒಣ ಆಹಾರ) ಕೊಡಬಹುದೇ? ಅದರಲ್ಲಿ ಪ್ರೋಟೀನ್ ಹೆಚ್ಚು, ಚಿಪ್ಪು ಗೋಪುರ ಗೋಪುರವಾಗಿ ಏಳುತ್ತದೆ ಎಂದು ಹೇಳುತ್ತಾರೆ. ನಿಜವೇ?

ಉತ್ತರ: ಕೊಡಬಹುದು. ನೆಲದ ಆಮೆಗಳಿಗೆಂದೇ ತಯಾರಿಸಿದ, ನಾರು ಹೆಚ್ಚಾಗಿದ್ದು ಪಿಷ್ಟ ಕಡಿಮೆಯಿರುವ ಪೆಲ್ಲೆಟ್ ಆಗಿರಬೇಕು. ಹುಲ್ಲು, ಸೊಪ್ಪು, ಕಳೆಗಿಡಗಳ ಜೊತೆಗೆ ಕೊಡಬೇಕೇ ಹೊರತು ಅವುಗಳ ಬದಲಿಗೆ ಅಲ್ಲ. ಬೆಳೆದ ಆಮೆಗೆ ವಾರಕ್ಕೆ ಒಂದೆರಡು ಬಾರಿ ಸಾಕು. ಪ್ರಶ್ನೆಯ ಮೊದಲ ಭಾಗಕ್ಕೆ ಇಷ್ಟೇ ಉತ್ತರ. ಎರಡನೆಯ ಭಾಗಕ್ಕೆ ಎಷ್ಟು ಸಲ ಉತ್ತರಿಸಿದರೂ ಅದೇ ಮಾತು ಮತ್ತೆ ಎದುರಾಗುತ್ತದೆ. ಆದ್ದರಿಂದ ಈ ಬಾರಿ ಅದನ್ನು ಬೇರುಸಹಿತ ಕೀಳಲು ಕೂತಿದ್ದೇನೆ.

ನಿಮ್ಮ ಆಮೆಯ ಚಿಪ್ಪಿನ ಒಂದು ಫಲಕವನ್ನು ಹತ್ತಿರದಿಂದ ನೋಡಿ. ನಡುವೆ ಒರಟಾದ ಚಿಕ್ಕ ತುಣುಕೊಂದು ಇರುತ್ತದೆ. ಮೊಟ್ಟೆಯೊಡೆದು ಹೊರಬಂದ ದಿನ ಆ ಫಲಕ ಇದ್ದದ್ದು ಅಷ್ಟೇ. ಅದರ ಸುತ್ತ ಒಂದರ ಹೊರಗೊಂದು ಗೆರೆಗಳಿವೆ. ಫಲಕ ಬೆಳೆಯುವುದು ಅಂಚಿನಲ್ಲಿ. ನಮ್ಮ ಉಗುರಿನಲ್ಲಿರುವ ಕೆರಾಟಿನ್ ಎಂಬ ವಸ್ತುವೇ ಅಲ್ಲಿ ಹೊಸದಾಗಿ ಸೇರುತ್ತಾ ಹೋಗುತ್ತದೆ. ಮರಿಗಳಲ್ಲಿ ಫಲಕಗಳ ಸಂದಿನಲ್ಲಿ ಕಾಣುವ ತಿಳಿಬಣ್ಣದ ಪಟ್ಟಿ ಇದೇ. ಈ ಎಳೆಯ ಅಂಚು ತೇವವಾಗಿದ್ದರೆ ಅಗಲಕ್ಕೆ ಹರಡಿಕೊಂಡು ಸಮತಟ್ಟಾಗುತ್ತದೆ. ಒಣಗಾಳಿಗೆ ಬೇಗನೆ ಗಡುಸಾದರೆ ಮುಂದಿನ ಪದರಕ್ಕೆ ಪಕ್ಕದಲ್ಲಿ ಎಡೆ ಸಿಗದೆ ಕೆಳಮುಖವಾಗಿ ಬೆಳೆಯುತ್ತದೆ, ನಡುಭಾಗ ಎತ್ತರದಲ್ಲೇ ಉಳಿಯುತ್ತದೆ. ಗೋಪುರ ಏಳುವುದು ಹೀಗೆ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾದ ವಿವರಣೆ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಆಫ್ರಿಕಾದ ಸಲ್ಕಾಟಾ ಜಾತಿಯ ಮರಿಗಳನ್ನು ಬೇರೆ ಬೇರೆ ತೇವಾಂಶದಲ್ಲಿಟ್ಟು, ಬೇರೆ ಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ಬೆಳೆಸಿ ಹೋಲಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಒಣ ವಾತಾವರಣದಲ್ಲಿ ಬೆಳೆದ ಮರಿಗಳ ಚಿಪ್ಪು ಹೆಚ್ಚು ಉಬ್ಬಿತ್ತು, ತೇವದಲ್ಲಿ ಬೆಳೆದವುಗಳದ್ದು ನುಣುಪಾಗಿತ್ತು. ಪ್ರೋಟೀನಿನ ಪಾತ್ರ ತೀರಾ ಸಣ್ಣದು. ಇಷ್ಟು ವರ್ಷ ಕಳೆದರೂ ಈ ಫಲಿತಾಂಶ ಆಮೆ ಸಾಕುವವರ ಕಿವಿಗೆ ಬಿದ್ದಿಲ್ಲವೆಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇನ್ನು ಲೆಕ್ಕಕ್ಕೆ ಬರೋಣ. ಪೆಲ್ಲೆಟ್ ಚೀಟಿಯ ಮೇಲೆ 15% ಪ್ರೋಟೀನ್ ಎಂದು ಓದಿದ ಕೂಡಲೇ ಹೌಹಾರುವವರು ಪಕ್ಕದಲ್ಲಿ ಡ್ಯಾಂಡೆಲಿಯನ್ ಎಲೆಯನ್ನಿಟ್ಟು ನೋಡಬೇಕು. ಆಮೆಗೆ ಇದಕ್ಕಿಂತ ಒಳ್ಳೆಯ ಕಳೆಗಿಡವಿಲ್ಲ ಎಂದು ಎಲ್ಲರೂ ಹೊಗಳುವ ಎಲೆ ಅದು. ಅದರ 100 ಗ್ರಾಂನಲ್ಲಿ ಪ್ರೋಟೀನ್ 2.7 ಗ್ರಾಂ ಮಾತ್ರ. ಆದರೆ ಅದೇ 100 ಗ್ರಾಂನಲ್ಲಿ ಸುಮಾರು 85.6 ಗ್ರಾಂ ನೀರೇ! ನೀರನ್ನು ಕಳೆದು ಒಣ ತೂಕಕ್ಕೆ ಲೆಕ್ಕ ಹಾಕಿದರೆ ಪ್ರೋಟೀನ್ 18 ಪ್ರತಿಶತ ದಾಟುತ್ತದೆ. ಪೆಲ್ಲೆಟ್‌ನಲ್ಲಿ ನೀರು ಹತ್ತನೇ ಒಂದು ಭಾಗದಷ್ಟಿದ್ದರೆ, ಅದರ 15% ಒಣ ತೂಕದಲ್ಲಿ 17ಕ್ಕಿಂತ ಕೆಳಗೇ ನಿಲ್ಲುತ್ತದೆ. ಪೆಲ್ಲೆಟ್‌ನ ಪ್ರೋಟೀನಿನಿಂದ ಚಿಪ್ಪು ಉಬ್ಬುವುದಾದರೆ ಡ್ಯಾಂಡೆಲಿಯನ್ ತಿಂದ ಆಮೆಗಳೆಲ್ಲ ಉಬ್ಬಬೇಕಿತ್ತು.

ಹಾಗಾದರೆ ಈ ನಂಬಿಕೆ ಹುಟ್ಟಿದ್ದಾದರೂ ಹೇಗೆ? ಪುಷ್ಕಳವಾಗಿ ತಿನ್ನಿಸಿದ ಮರಿ ವೇಗವಾಗಿ ಬೆಳೆಯುತ್ತದೆ. ಅದನ್ನು ಒಣಗಿದ ಪೆಟ್ಟಿಗೆಯಲ್ಲಿ, ನೆತ್ತಿಯ ಮೇಲೆ ದಿನವಿಡೀ ಉರಿಯುವ ಬಿಸಿ ದೀಪದ ಕೆಳಗೆ ಇಟ್ಟಿರುತ್ತಾರೆ. ಬೆಳವಣಿಗೆ ಬೇಗ, ಒಣಗುವಿಕೆಯೂ ಬೇಗ. ಗೋಪುರ ಎದ್ದು ಕಾಣುತ್ತದೆ. ತಟ್ಟೆಯಲ್ಲಿದ್ದ ಪೆಲ್ಲೆಟ್ ಕಣ್ಣಿಗೆ ಬಿತ್ತು, ಗಾಳಿಯಲ್ಲಿಲ್ಲದ ತೇವ ಬೀಳಲಿಲ್ಲ. ಕಾಡಿನ ಮರಿಗಳು ಹೆಚ್ಚು ಹೊತ್ತು ಹುಲ್ಲಿನ ಬುಡದಲ್ಲಿ, ತರಗೆಲೆಯ ಅಡಿಯಲ್ಲಿ, ಬಿಲದ ತೇವದಲ್ಲಿ ಅವಿತಿರುತ್ತವೆ ಎಂಬುದನ್ನು ಮರೆತೇ ಬಿಡುತ್ತೇವೆ. ತೇವ ಎಂದರೆ ತಣ್ಣನೆಯ ಒದ್ದೆ ಎಂದೂ ಅರ್ಥ ಮಾಡಿಕೊಳ್ಳಬೇಡಿ; ಚಳಿಯೊಂದಿಗೆ ಸೇರಿದ ಒದ್ದೆ ಆಮೆಗೆ ಶ್ವಾಸಕೋಶದ ಸೋಂಕು ತರುತ್ತದೆ. ಬೆಚ್ಚಗಿನ ತೇವ ಬೇಕು, ಕನಿಷ್ಠ ಅಡಗಿಕೊಳ್ಳುವ ಗೂಡಿನೊಳಗಾದರೂ. ಈಗಾಗಲೇ ಎದ್ದಿರುವ ಗೋಪುರ ಇಳಿಯುವುದಿಲ್ಲ. ಇನ್ನು ಮುಂದೆ ಬರುವ ಅಂಚನ್ನು ಸಪಾಟಾಗಿ ಬೆಳೆಸಬಹುದು.

ಪೆಲ್ಲೆಟ್‌ಗೆ ಮಿತಿ ಬೇಕಾದದ್ದು ಬೇರೆ ಕಾರಣಕ್ಕೆ. ಹುಲ್ಲು ಮೇಯುವ ಆಮೆಗಳಿಗೆ ನಾರು ಜೀರ್ಣವಾಗುವುದು ಹಿಂಗರುಳಿನಲ್ಲಿ, ಅಲ್ಲಿರುವ ಸೂಕ್ಷ್ಮಜೀವಿಗಳಿಂದ. ಪಿಷ್ಟ, ಸಕ್ಕರೆ ಹೆಚ್ಚಾದರೆ ಆ ಜೀವಿಗಳ ಸಮತೋಲ ಕೆಡುತ್ತದೆ, ಭೇದಿ ಶುರುವಾಗುತ್ತದೆ. ಪೆಲ್ಲೆಟ್‌ನ ರುಚಿ ಹತ್ತಿದ ಆಮೆ ಹುಲ್ಲನ್ನು ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಚೀಟಿ ಓದಿ: ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. ಒಣಹುಲ್ಲು, ಸೋಯಾ ಸಿಪ್ಪೆ ಮೊದಲಿದ್ದರೆ ಒಳ್ಳೆಯದು. ಜೋಳ, ಗೋಧಿ ಮೊದಲಿದ್ದರೆ ಅಲ್ಲೇ ಇಟ್ಟು ಬನ್ನಿ. ಮೀನಿನ ಪುಡಿ ಬೆರೆಸಿ ನೀರಿನ ಆಮೆಗಳಿಗೆಂದು ಮಾಡಿದ ಕಾಳುಗಳು, ನಾಯಿ ಬೆಕ್ಕುಗಳ ಆಹಾರ, ಇವು ಯಾವುವೂ ನೆಲದ ಆಮೆಗೆ ಸಲ್ಲ. ಹಣ್ಣು, ಹುಳು ಹುಪ್ಪಟೆಗಳನ್ನೂ ತಿನ್ನುವ ಕೆಂಪುಕಾಲಿನ ಆಮೆಗಳ ಊಟದ ಲೆಕ್ಕವೇ ಬೇರೆ, ಅದನ್ನು ಇಲ್ಲಿ ಬೆರೆಸುವುದಿಲ್ಲ.

ಕೊಡುವ ಮೊದಲು ಪೆಲ್ಲೆಟ್ ಅನ್ನು ಬೆಚ್ಚಗಿನ ನೀರಿನಲ್ಲಿ ಮೆತ್ತಗಾಗುವಷ್ಟು ನೆನೆಸಿ, ಹಿಚುಕಿ, ಹೆಚ್ಚಿದ ಸೊಪ್ಪಿಗೆ ಬೆರೆಸಿ. ಉಳಿದದ್ದನ್ನು ಅಂದೇ ಎಸೆಯಿರಿ, ಬೂಷ್ಟು ಬೇಗ ಹಿಡಿಯುತ್ತದೆ. ತೆರೆದ ಪೊಟ್ಟಣದಲ್ಲಿ ಜೀವಸತ್ವಗಳು ಕಾಲಕ್ರಮೇಣ ಕುಂದುತ್ತವೆ, ಹಾಗಾಗಿ ಅಗ್ಗವೆಂದು ದೊಡ್ಡ ಚೀಲ ತರಬೇಡಿ. ಪೆಲ್ಲೆಟ್‌ನಲ್ಲಿ ಡಿ3 ಜೀವಸತ್ವ ಇದೆಯೆಂದು, ಚರ್ಮದಲ್ಲಿ ಅದನ್ನು ಉಂಟುಮಾಡುವ ಯುವಿಬಿ (ನೇರಳಾತೀತ ಕಿರಣದ) ದೀಪವನ್ನೋ ಬಿಸಿಲನ್ನೋ ತಪ್ಪಿಸುವಂತೆಯೂ ಇಲ್ಲ.

ನೀವು ಕೇಳದ ಒಂದು ವಿಷಯ ಬಾಕಿಯಿದೆ: ನೀರು. ಸೊಪ್ಪಿನ ನೀರೇ ಆಮೆಗೆ ಸಾಕು ಎಂದು ನಂಬಿ ಕುಡಿಯುವ ನೀರನ್ನೇ ಇಡದವರಿದ್ದಾರೆ. ಆಮೆ ನೀರು ಕುಡಿಯುತ್ತದೆ, ಚೆನ್ನಾಗಿಯೇ ಕುಡಿಯುತ್ತದೆ. ತಗ್ಗಾದ ತಟ್ಟೆಯಲ್ಲಿ ಗದ್ದ ಮುಳುಗದಷ್ಟು ಉಗುರುಬೆಚ್ಚನೆಯ ನೀರು ಹಾಕಿ ಹದಿನೈದು ಇಪ್ಪತ್ತು ನಿಮಿಷ ಕೂರಿಸಿ. ಮರಿಯಾದರೆ ದಿನವೂ ಕೂರಿಸಿ. ಕತ್ತು ಚಾಚಿ ಮೂತಿಯನ್ನು ನೀರಿಗಿಟ್ಟಾಗ ಗಂಟಲು ಏರಿಳಿಯುವುದು ಕಾಣುತ್ತದೆ. ಆ ನೀರಿನಲ್ಲೇ ಅದು ಮೂತ್ರದ ಜೊತೆ ಯೂರೇಟ್ ಎಂಬ ಬಿಳಿಯ ತ್ಯಾಜ್ಯವನ್ನು ಹೊರಹಾಕುತ್ತದೆ. ಕೈಗವಸು ಹಾಕಿಕೊಂಡು ಅದನ್ನು ಬೆರಳ ನಡುವೆ ಉಜ್ಜಿ ನೋಡಿ. ಮೆತ್ತಗೆ ಜಾರಿದರೆ ನೀರು ಸಾಲುತ್ತಿದೆ. ಮರಳು ಮರಳಾಗಿದ್ದರೆ ಪೆಲ್ಲೆಟ್ ನಿಲ್ಲಿಸಿ, ದಿನವೂ ನೀರಿನಲ್ಲಿ ಕೂರಿಸಿ. ಕೆಲವು ದಿನಗಳಾದರೂ ಹಾಗೆಯೇ ಇದ್ದರೆ, ಇಲ್ಲವೇ ಆಮೆ ತಿಣುಕುತ್ತಿದ್ದರೆ, ಮೂತ್ರಕೋಶದಲ್ಲಿ ಕಲ್ಲು ಕಟ್ಟಿರಬಹುದು. ಸರೀಸೃಪಗಳನ್ನು ಬಲ್ಲ ಪಶುವೈದ್ಯರಲ್ಲಿ ಎಕ್ಸ್-ರೇ ತೆಗೆಸಿ.