ಕಾಂಡಕೋಶವನ್ನು ಮಜ್ಜೆಯಲ್ಲಿ ಹಿಡಿದಿಡುವುದು ಯಾವುದು?

ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಇರುವ ರೋಗಿಗೆ ಅವರದೇ ಕಾಂಡಕೋಶಗಳ (ಎಲ್ಲ ರಕ್ತಕೋಶಗಳನ್ನೂ ಹುಟ್ಟಿಸುವ ಮೂಲಕೋಶಗಳ) ಕಸಿ ಮಾಡುವ ಮೊದಲು ನಾವು ನಾಲ್ಕೈದು ದಿನ, ಬಿಳಿ ರಕ್ತಕೋಶಗಳನ್ನು ಹೆಚ್ಚಿಸುವ ಜಿ-ಸಿಎಸ್‌ಎಫ್ ಎಂಬ ಔಷಧದ ಚುಚ್ಚುಮದ್ದು ಕೊಟ್ಟು, ಮೂಳೆಯ ಮಜ್ಜೆಯಿಂದ ರಕ್ತಕ್ಕೆ ಬಂದ ಕೋಶಗಳನ್ನು ಅಫೆರೆಸಿಸ್ ಯಂತ್ರದಲ್ಲಿ (ರಕ್ತದಿಂದ ಬೇಕಾದ ಕೋಶಗಳನ್ನಷ್ಟೇ ಬೇರ್ಪಡಿಸುವ ಯಂತ್ರ) ಸಂಗ್ರಹಿಸುತ್ತೇವೆ. ಈ ಔಷಧ ಕಾಂಡಕೋಶವನ್ನೇ ಪ್ರಚೋದಿಸಿ ಹೊರಗೆ ಕಳುಹಿಸುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಜಿ-ಸಿಎಸ್‌ಎಫ್ ಬಂದು ಅಂಟಿಕೊಳ್ಳುವ ಗ್ರಾಹಕವೇ ಇಲ್ಲದ ಇಲಿಯ ಕಾಂಡಕೋಶಗಳು ಕೂಡ, ಸುತ್ತಲಿನ ಇತರ ರಕ್ತಕೋಶಗಳಲ್ಲಿ ಆ ಗ್ರಾಹಕವಿದ್ದರೆ, ರಕ್ತಕ್ಕೆ ಇಳಿದು ಬರುತ್ತವೆ. ಅಂದರೆ ಔಷಧ ಮುಖ್ಯವಾಗಿ ಬದಲಿಸುವುದು ಕೋಶವನ್ನಲ್ಲ, ಅದು ನೆಲೆಸಿರುವ ಪರಿಸರವನ್ನು.

ಕಾಂಡಕೋಶದ ನಡವಳಿಕೆಯನ್ನು ಅದರ ನೆರೆಯ ಕೋಶಗಳೇ ನಿರ್ಧರಿಸುತ್ತವೆ ಎಂಬ ವಾದವನ್ನು ವಿಜ್ಞಾನಿ ರೇ ಸ್ಕೋಫೀಲ್ಡ್ 1978ರಲ್ಲಿ ಮುಂದಿಟ್ಟರು. 2003ರ ಇಲಿ ಪ್ರಯೋಗಗಳು ಮೂಳೆ ಕಟ್ಟುವ ಆಸ್ಟಿಯೊಬ್ಲಾಸ್ಟ್‌ಗಳತ್ತ ಬೆರಳು ತೋರಿಸಿದವು. ಆಮೇಲಿನ ಅಧ್ಯಯನಗಳು ಈ ಪಾತ್ರವನ್ನು ಹೆಚ್ಚಾಗಿ ಮಜ್ಜೆಯ ಸೂಕ್ಷ್ಮ ರಕ್ತನಾಳಗಳ ಒಳಪದರಕ್ಕೂ, ಆ ನಾಳಗಳನ್ನು ಸುತ್ತುವರಿದಿರುವ ಸ್ಟ್ರೋಮಾ ಎಂಬ ಆಧಾರ ಕೋಶಗಳಿಗೂ ವರ್ಗಾಯಿಸಿವೆ. ನನ್ನ ದೃಷ್ಟಿಯಲ್ಲೂ ಈಗಿರುವ ಪುರಾವೆಯ ತೂಕ ಆ ಕಡೆಗೇ ಇದೆ. ಈ ಸ್ಟ್ರೋಮಾ ಕೋಶಗಳು ಸ್ರವಿಸುವ ಎಸ್‌ಸಿಎಫ್ ಎಂಬ ಪ್ರೋಟೀನು ಕಾಂಡಕೋಶ ಬದುಕುಳಿಯಲು ಬೇಕು. ಸಿಎಕ್ಸ್‌ಸಿಎಲ್12 ಎಂಬ ಇನ್ನೊಂದು ಪ್ರೋಟೀನು ಕಾಂಡಕೋಶದ ಮೇಲಿನ ಸಿಎಕ್ಸ್‌ಸಿಆರ್4 ಗ್ರಾಹಕಕ್ಕೆ ಅಂಟಿಕೊಂಡು, ಅದನ್ನು ಮಜ್ಜೆಯಲ್ಲಿ ಹಿಡಿದಿಡುವುದಲ್ಲದೆ ಅನಗತ್ಯವಾಗಿ ವಿಭಜನೆಯಾಗದಂತೆಯೂ ತಡೆಯುತ್ತದೆ. ಎಲ್ಲ ಸಂಕೇತಗಳೂ ಸ್ಥಳೀಯವೇನಲ್ಲ: ಇದೇ ಕಾಂಡಕೋಶಗಳನ್ನು ಪೋಷಿಸುವ ಥ್ರೊಂಬೊಪೊಯಿಟಿನ್ ಎಂಬ ಹಾರ್ಮೋನು ಬಹುಪಾಲು ಬರುವುದು ಯಕೃತ್ತಿನಿಂದ.

ಜಿ-ಸಿಎಸ್‌ಎಫ್ ಮಜ್ಜೆಯಲ್ಲಿನ ಸಿಎಕ್ಸ್‌ಸಿಎಲ್12 ಪ್ರಮಾಣವನ್ನು ಕುಗ್ಗಿಸುವುದರಿಂದ ಹಿಡಿತ ಸಡಿಲವಾಗುತ್ತದೆ; ಅದಕ್ಕೆ ದಿನಗಳೇ ಬೇಕು. ಮೊದಲು ಎಚ್‌ಐವಿ ಚಿಕಿತ್ಸೆಗಾಗಿ ಪರೀಕ್ಷಿಸಲಾಗಿದ್ದ ಪ್ಲೆರಿಕ್ಸಫಾರ್ ಎಂಬ ಇನ್ನೊಂದು ಔಷಧ ನೇರವಾಗಿ ಸಿಎಕ್ಸ್‌ಸಿಆರ್4 ಗ್ರಾಹಕವನ್ನೇ ಮುಚ್ಚುವುದರಿಂದ ಕೆಲವೇ ಗಂಟೆಗಳಲ್ಲಿ ಫಲ ಕಾಣುತ್ತದೆ, ಹಾಗಾಗಿ ಅದನ್ನು ಹಿಂದಿನ ಸಂಜೆ ಕೊಟ್ಟು ಮರುದಿನ ಬೆಳಿಗ್ಗೆ ಸಂಗ್ರಹಿಸುವುದು ರೂಢಿ. ರೋಗಿಯ ಪ್ರತಿ ಕಿಲೋ ತೂಕಕ್ಕೆ ಕನಿಷ್ಠ 20 ಲಕ್ಷ ಸಿಡಿ34 ಕೋಶಗಳು (ಕಾಂಡಕೋಶಗಳನ್ನು ಎಣಿಸಲು ಬಳಸುವ ಗುರುತು ಹೊತ್ತ ಕೋಶಗಳು) ಸಿಗುವ ಸೂಚನೆ ಇಲ್ಲದಿದ್ದಾಗ ಇದರ ನೆರವು ಪಡೆಯುತ್ತೇವೆ. ಮೈಲೋಮಾದ ಔಷಧವಾದ ಲೆನಾಲಿಡೊಮೈಡ್ ಬಹುಕಾಲ ತೆಗೆದುಕೊಂಡವರಲ್ಲಿ, ವಿಕಿರಣ ಚಿಕಿತ್ಸೆ ಪಡೆದವರಲ್ಲಿ, ಮತ್ತು ನಮ್ಮಲ್ಲಿ ತೀರಾ ಸಾಮಾನ್ಯವಾದ ಮಧುಮೇಹ ಇರುವವರಲ್ಲಿ ಸಂಗ್ರಹ ಕಡಿಮೆಯಾಗುವ ಸಾಧ್ಯತೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಧುಮೇಹ ಮಜ್ಜೆಯ ಸೂಕ್ಷ್ಮನಾಳಗಳನ್ನೂ ಅಲ್ಲಿಗೆ ಬರುವ ನರತಂತುಗಳನ್ನೂ ಕೆಡಿಸುತ್ತದೆ.

ಕಸಿಯ ದಿನ ಕೋಶಗಳನ್ನು ಮೂಳೆಯೊಳಗೆ ಚುಚ್ಚಬೇಕಾಗಿಲ್ಲ. ರಕ್ತ ಕೊಡುವಂತೆ ಸಿರೆಯ ಮೂಲಕ ಕೊಟ್ಟರೆ ಸಾಕು, ಅದೇ ಸಿಎಕ್ಸ್‌ಸಿಎಲ್12 ಜಾಡು ಹಿಡಿದು ಅವು ಮಜ್ಜೆ ಸೇರುತ್ತವೆ. ಬೇರೆಯವರ ಕಾಂಡಕೋಶಗಳನ್ನು ಕೊಟ್ಟಾಗಲೂ ಮಜ್ಜೆಯ ಸ್ಟ್ರೋಮಾ ಬಹುತೇಕ ರೋಗಿಯದ್ದಾಗಿಯೇ ಉಳಿಯುತ್ತದೆ. ಆದ್ದರಿಂದಲೇ ಮಜ್ಜೆ ನಾರುಗಟ್ಟುವ ಮೈಲೋಫೈಬ್ರೋಸಿಸ್ ಕಾಯಿಲೆಯಲ್ಲಿ ದಾನಿಯ ಕೋಶಗಳು ಸಾಕಷ್ಟಿದ್ದರೂ, ನಾರುಗಟ್ಟಿದ ಮಜ್ಜೆಯಲ್ಲಿ ಅವು ಬೇರೂರಲು ತಡವಾಗಬಹುದು ಎಂಬುದನ್ನು ರೋಗಿಯ ಮನೆಯವರಿಗೆ ನಾವು ಕಸಿಗೆ ಮುಂಚೆಯೇ ತಿಳಿಸಿರುತ್ತೇವೆ.