ಸ್ವೆಟರ್ ಬಿಚ್ಚಿಸಿಯೇ ತೂಗಬೇಕು

ಒಂದು ವರ್ಷ ತುಂಬಿದ ಮಗು ತಿಂಗಳಿಗೆ ಸುಮಾರು 200 ಗ್ರಾಂ ತೂಕ ಕೂಡಿಕೊಳ್ಳುತ್ತದೆ. ಅದರ ಉಣ್ಣೆ ಸ್ವೆಟರ್, ಕುಲಾವಿ ಸೇರಿದರೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತವೆ. ಜುಲೈ ಮಳೆಯಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಮಕ್ಕಳು ಅಂಗನವಾಡಿಗೆ ಬರುವುದೇ ಹಾಗೆ ಬೆಚ್ಚಗೆ ಸುತ್ತಿಕೊಂಡು. ಮೇ ತಿಂಗಳಲ್ಲಿ ಬರೀ ಚಡ್ಡಿಯಲ್ಲಿ ತೂಗಿದ್ದ ಮಗುವನ್ನು ಜುಲೈಯಲ್ಲಿ ಸ್ವೆಟರ್ ಸಮೇತ ತೂಗಿದರೆ, ನಡುವೆ ಅದು ಒಂದು ಗ್ರಾಂ ಬೆಳೆಯದಿದ್ದರೂ ದಾಖಲೆಯಲ್ಲಿ ಬೆಳೆದಿರುತ್ತದೆ.

ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಪೂರಕ ಆಹಾರ, ಶಾಲಾಪೂರ್ವ ಕಲಿಕೆ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ ಎಂಬ ಆರು ಸೇವೆಗಳು ಅದರಲ್ಲಿವೆ. ಊಟ, ಹಾಲು, ಮೊಟ್ಟೆ ಎಲ್ಲರ ಕಣ್ಣಿಗೂ ಬೀಳುತ್ತವೆ. ಇವೆಲ್ಲ ಮಗುವಿನ ಮೈಗೆ ಹತ್ತುತ್ತಿವೆಯೇ ಎಂದು ಹೇಳುವುದು ಮಾತ್ರ ತಿಂಗಳ ತೂಕ. ಹೆಚ್ಚು ಅವಸರದಲ್ಲಿ ಮುಗಿಯುವ ಕೆಲಸವೂ ಅದೇ ಎನ್ನುವುದು ಬೇಸರದ ಸಂಗತಿ.

ತಕ್ಕಡಿಯನ್ನು ಮಟ್ಟಸವಾದ ನೆಲದ ಮೇಲಿಡಬೇಕು. ನೆಲ ಉಬ್ಬುತಗ್ಗಾಗಿದ್ದರೆ ಕೆಳಗೆ ದಪ್ಪ ಹಲಗೆ ಹಾಕಬೇಕು. ಸೊನ್ನೆ ತೋರಿಸಿದ ಮಾತ್ರಕ್ಕೆ ತಕ್ಕಡಿ ಸರಿಯಿದೆ ಎಂದಲ್ಲ. ಖಾಲಿ ಕ್ಯಾನ್ ತೂಗಿ, ಅದಕ್ಕೆ ಅಳತೆ ಮಾಡಿದ 5 ಲೀಟರ್ ನೀರು ತುಂಬಿಸಿ ಮತ್ತೆ ತೂಗಿದರೆ ಸರಿಯಾಗಿ 5 ಕಿಲೊ ಏರಬೇಕು. ನೇತುಹಾಕುವ ತಕ್ಕಡಿಯಾದರೆ ಅದರ ಒಂದು ಗೀಟೆಂದರೆ 100 ಗ್ರಾಂ, ಅಂದರೆ ಮಗುವಿನ ಹದಿನೈದು ದಿನದ ಬೆಳವಣಿಗೆ. ಮುಳ್ಳು ನಿಂತ ಮೇಲೆ, ಕಣ್ಣಿನ ಮಟ್ಟದಲ್ಲೇ ಓದಬೇಕು. ಮಗುವನ್ನು ಊಟಕ್ಕೆ ಮುಂಚೆ, ಪ್ರತಿ ತಿಂಗಳೂ ಅದೇ ಹೊತ್ತಿಗೆ ತೂಗುವುದು ಒಳ್ಳೆಯದು. ಚಳಿಯೆಂದು ಬಟ್ಟೆ ಬಿಚ್ಚಿಸಲು ತಾಯಿ ಒಪ್ಪದಿದ್ದರೆ, ಬಟ್ಟೆ ಸಮೇತ ತೂಗಿ, ಆಮೇಲೆ ಅಂಥದ್ದೇ ಬಟ್ಟೆಯನ್ನು ಬೇರೆಯಾಗಿ ತೂಗಿ ಕಳೆಯಬಹುದು.

ಎತ್ತರದಲ್ಲಿ ತಪ್ಪು ಇನ್ನೂ ಸುಲಭ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ಅದರ ಮೇಲಿನವರನ್ನು ನಿಲ್ಲಿಸಿ ಅಳೆಯುತ್ತಾರೆ. ಒಂದೇ ಮಗುವನ್ನು ಎರಡೂ ರೀತಿ ಅಳೆದರೆ ಮಲಗಿಸಿದ ಅಳತೆ ಸುಮಾರು 0.7 ಸೆಂ.ಮೀ. ಹೆಚ್ಚು ಬರುತ್ತದೆ. ಎರಡು ವರ್ಷ ದಾಟಿದ ಮಗು ನಿಲ್ಲಲು ಹಠ ಮಾಡಿತೆಂದು ಮಲಗಿಸಿ ಅಳೆದರೆ ಆ 0.7 ಕಳೆಯಲೇಬೇಕು. ವಯಸ್ಸು ತಪ್ಪಾದರೆ ಎರಡು ಅಳತೆಯೂ ವ್ಯರ್ಥ. ತಾಯಿ ಕಾರ್ಡ್ ಇಲ್ಲದ ವಲಸೆ ಕಾರ್ಮಿಕರ ಮಕ್ಕಳಿಗೆ 'ಯುಗಾದಿಗೆ ಮುಂಚೆಯೋ, ಆಮೇಲೋ? ಕಾಫಿ ಹೂ ಅರಳಿಸುವ ಹೂಮಳೆ ಬಂದಿತ್ತೇ, ಕೊಯ್ಲು ಮುಗಿದಿತ್ತೇ?' ಎಂದು ಕೇಳುತ್ತಾ ಹುಟ್ಟಿದ ತಿಂಗಳನ್ನು ಹಿಡಿಯಬಹುದು.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಒಂದು ದಿನದ ತೂಕಕ್ಕಿಂತ, ಬೆಳವಣಿಗೆ ಪಟದಲ್ಲಿ ತಿಂಗಳ ತೂಕಗಳನ್ನು ಸೇರಿಸಿ ಎಳೆದ ಗೆರೆಯ ಓಟ ಹೆಚ್ಚು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ 18 ತಿಂಗಳ ಹೆಣ್ಣುಮಗುವಿನ ನಡುಮಟ್ಟದ ತೂಕ 10.2 ಕಿಲೊ, 22 ತಿಂಗಳಿಗೆ 11.1. ಒಂದು ಮಗು ಈ ನಾಲ್ಕು ತಿಂಗಳೂ 10.2ರಲ್ಲೇ ನಿಂತಿತು ಎನ್ನಿ. ಅದು ಇನ್ನೂ ಪಟದಲ್ಲಿ ತೂಕ ಸರಿಯಿದೆ ಎನ್ನುವ ಹಸಿರು ಪಟ್ಟಿಯಲ್ಲೇ ಇರುತ್ತದೆ, ಬಣ್ಣ ಮಾತ್ರ ನೋಡಿದವರಿಗೆ ಏನೂ ತೊಂದರೆ ಕಾಣುವುದಿಲ್ಲ. ಗೆರೆ ನೋಡಿದವರಿಗೆ ಎರಡನೇ ತಿಂಗಳಲ್ಲೇ ಗೊತ್ತಾಗಿರುತ್ತದೆ. ತೋಳಿಗೆ ಸುತ್ತಿ ಅಳೆಯುವ ಪಟ್ಟಿಯ ಕೆಲಸ ಬೇರೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ಎಡತೋಳಿನಲ್ಲಿ, ಭುಜ ಮತ್ತು ಮೊಣಕೈಗಳ ನಡುಮಧ್ಯದಲ್ಲಿ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಮುಂದಿನ ತಿಂಗಳವರೆಗೆ ಕಾಯಿಸದೆ ವೈದ್ಯರಿಗೆ ತೋರಿಸಬೇಕು. ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿದಾಗ ಗುಳಿ ಉಳಿದರೆ ಅಳತೆ ಎಷ್ಟೇ ಇರಲಿ, ಅದೇ ದಿನ ಆಸ್ಪತ್ರೆಗೆ ಕಳಿಸಬೇಕು.

ಗೆರೆ ಮಟ್ಟಸವಾಗಲು ಬಹುಪಾಲು ಕಾರಣ ತಟ್ಟೆಯಲ್ಲೇ ಇರುತ್ತದೆ, ಅದೂ ನೀರಿನ ರೂಪದಲ್ಲಿ. ಪುಟ್ಟ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಮೈತೂಕದ ಪ್ರತಿ ಕಿಲೊಗೆ ಸುಮಾರು 30 ಗ್ರಾಂ. 10 ಕಿಲೊ ಮಗುವಿಗೆ 300 ಗ್ರಾಂ ಆಯಿತು. ಗ್ರಾಂಗೆ 0.4 ಕ್ಯಾಲರಿಯ ತೆಳು ಗಂಜಿಯಲ್ಲಿ ಹೊಟ್ಟೆ ತುಂಬಿಸಿದರೆ ಸಿಗುವುದು 120 ಕ್ಯಾಲರಿ, ಗಟ್ಟಿಯಾಗಿಸಿ 0.8ಕ್ಕೆ ಏರಿಸಿದರೆ 240. ಅಂಗನವಾಡಿಯ ಪೂರಕ ಆಹಾರಕ್ಕೆ 2013ರ ಆಹಾರ ಭದ್ರತಾ ಕಾಯ್ದೆ ನಿಗದಿ ಮಾಡಿದ್ದು ದಿನಕ್ಕೆ 500 ಕ್ಯಾಲರಿ, 12–15 ಗ್ರಾಂ ಪ್ರೋಟೀನ್. ನೀರು ಸಾರಿನಿಂದ ಅಲ್ಲಿಗೆ ಮುಟ್ಟಲಾಗದು. ಒಂದು ಟೀ ಚಮಚ ಎಣ್ಣೆ ಅಥವಾ ತುಪ್ಪ ಸುಮಾರು 40 ಕ್ಯಾಲರಿ ಸೇರಿಸುತ್ತದೆ.

ಗಟ್ಟಿ ಮಾಡಿದರೆ ಮಗು ನುಂಗುವುದಿಲ್ಲ ಎನ್ನುವ ತಾಯಂದಿರ ಮಾತೂ ನಿಜವೇ. ಅದಕ್ಕೆ ಅರಸೀಕೆರೆ, ಚನ್ನರಾಯಪಟ್ಟಣದ ಸೀಮೆಯಲ್ಲಿ ಹೇರಳವಾಗಿರುವ ರಾಗಿಯಲ್ಲೇ ಉತ್ತರವಿದೆ. ರಾಗಿ ಮೊಳೆತಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ, ಅದು ಪಿಷ್ಟದ ಉದ್ದ ಸರಪಳಿಗಳನ್ನು ತುಂಡರಿಸುತ್ತದೆ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳೆಯಿಸಿ, ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡಬೇಕು. ಗಟ್ಟಿ ಗಂಜಿ ಇಳಿಸಿ ಸ್ವಲ್ಪ ಆರಿದ ಮೇಲೆ ಈ ಹಿಟ್ಟು ಒಂದು ಚಮಚ ಕಲಕಿದರೆ ಕೆಲವೇ ನಿಮಿಷಗಳಲ್ಲಿ ಗಂಜಿ ಸಡಿಲವಾಗುತ್ತದೆ, ಕ್ಯಾಲರಿ ಹಾಗೇ ಉಳಿಯುತ್ತದೆ. ಮತ್ತೆ ಒಂದು ಕುದಿ ಕುದಿಸಿ ಉಣಿಸಬೇಕು. ಘಮ ಬರಲೆಂದು ಕಪ್ಪಾಗುವಷ್ಟು ಹುರಿದರೆ ಕಿಣ್ವ ಸಾಯುತ್ತದೆ. ಕೊಪ್ಪ, ಶೃಂಗೇರಿಯ ಮಳೆಗಾಲದಲ್ಲಿ ಮೊಳಕೆ ಒಣಗದೆ ಬೂಸ್ಟು ಹಿಡಿಯುವುದರಿಂದ ಅಲ್ಲಿ ಬೇಸಗೆಯಲ್ಲೇ ಮಾಡಿ ಗಾಳಿಯಾಡದ ಡಬ್ಬಿಯಲ್ಲಿಡುವುದು ಕ್ಷೇಮ. ಬೂಸ್ಟಿನ ವಾಸನೆಯ ಹಿಟ್ಟು, ಕಹಿಯಾದ ಕಡಲೆಕಾಯಿ ಬೀಜಗಳನ್ನು ಎಸೆಯಲೇಬೇಕು, ಹುರಿದರೂ ಬೂಸ್ಟಿನಿಂದ ಬಂದ ವಿಷ ಪೂರ್ತಿ ಹೋಗುವುದಿಲ್ಲ.

ಕಾಫಿ ಕೊಯ್ಲಿನ ಕಾಲದ ಕಷ್ಟ ಬೇರೆ. ನವೆಂಬರಿನಿಂದ ಫೆಬ್ರವರಿ, ಮಾರ್ಚ್‌ವರೆಗೆ ತಾಯಿ ಬೆಳಗ್ಗೆಯೇ ತೋಟಕ್ಕೆ ಹೋದರೆ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಕೂಸನ್ನು ಏಳೆಂಟು ವರ್ಷದ ಅಕ್ಕ ನೋಡಿಕೊಳ್ಳುತ್ತಾಳೆ. ಅವಳ ಶಾಲೆಯೂ ಹೋಯಿತು, ದಿನಕ್ಕೆ ನಾಲ್ಕೈದು ಸಲ ಉಣ್ಣಬೇಕಾದ ಕೂಸು ಎರಡು ಸಲ ಉಂಡಿತು. 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಸಣ್ಣ ತೋಟಗಳು ಆ ಲೆಕ್ಕಕ್ಕೆ ಸಿಗುವುದಿಲ್ಲ. ಅಂಥಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಗ್ರಾಮ ಪಂಚಾಯಿತಿಯ ಕೂಸಿನ ಮನೆ ಹತ್ತಿರವಿದ್ದರೆ ಕೇಳಿ ನೋಡಬೇಕು.

ಎರಡು ತಿಂಗಳು ಗೆರೆ ಏರದಿದ್ದರೆ ಮನೆಗೇ ಹೋಗಿ ವಿಚಾರಿಸಬೇಕು. 'ಏನು ಉಣಿಸುತ್ತೀರಿ?' ಎಂದರೆ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಾರೆ. 'ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದ? ಯಾರು ತಿನ್ನಿಸಿದರು? ತಟ್ಟೆಯಲ್ಲಿ ಎಷ್ಟು ಉಳಿಯಿತು?' ಎಂದು ಕೇಳಿದರೆ ನಿಜ ಹೊರಬರುತ್ತದೆ. ಭೇದಿಯಾಗಿತ್ತೆಂದರೆ ಜಿಂಕ್ ಮಾತ್ರೆಯನ್ನು 14 ದಿನ ಪೂರ್ತಿ ಕೊಟ್ಟರೇ ಎಂದು ನೋಡಬೇಕು, ಭೇದಿ ನಿಂತ ಕೂಡಲೇ ಬಿಟ್ಟುಬಿಡುವವರೇ ಹೆಚ್ಚು. ಮುಂದಿನ ತೂಕಕ್ಕೆ ತಿಂಗಳು ಕಾಯಬಾರದು. ಹದಿನೈದು ದಿನಕ್ಕೇ, ಅದೇ ತಕ್ಕಡಿಯಲ್ಲಿ, ಸ್ವೆಟರ್ ಇಲ್ಲದೆ ತೂಗಬೇಕು.