ಕಿವಿ ಕೇಳದ ಮಗು ಓಡುವಾಗ ಬಿದ್ದರೆ

ಹುಟ್ಟಿನಿಂದಲೇ ಕಿವಿ ಕೇಳದ ಮಗು. ಓಡುವಾಗಲೋ, ಗಾಬರಿಯಾದಾಗಲೋ ದಿಢೀರ್ ಅಂತ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಎದ್ದು ಕೂರುತ್ತದೆ. ನಮ್ಮ ರಾಯಚೂರು ಸೀಮೆಯಲ್ಲಿ ಇದಕ್ಕೆ ಫಿಟ್ಸ್ ಅಂತ ಹೇಳಿ ಮುಗಿಸುತ್ತಾರೆ. ಕೈಗೆ ಕಬ್ಬಿಣದ ಕೀಲಿ ಕೊಡುತ್ತಾರೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ. ಮಗು ಎದ್ದಿತಲ್ಲ, ಹಾಗಾಗಿ ಕೀಲಿ ಕೆಲಸ ಮಾಡಿತು ಅಂದುಕೊಳ್ಳುತ್ತಾರೆ. ಕೈಲಾದವರು ದೊಡ್ಡ ಊರಿಗೆ ಹೋಗಿ ತಲೆಯ ಸ್ಕ್ಯಾನ್, ಮೆದುಳಿನ ಕರೆಂಟು ನೋಡುವ ಇಇಜಿ ಎಲ್ಲ ಮಾಡಿಸಿಕೊಂಡು ಬರುತ್ತಾರೆ. ಎಲ್ಲವೂ ನಾರ್ಮಲ್. ಆ ರಿಪೋರ್ಟುಗಳ ಚೀಲದಲ್ಲಿ ನಾನು ಹುಡುಕುವ ಒಂದು ಕಾಗದ ಮಾತ್ರ ಎಷ್ಟೋ ಸಲ ಇರುವುದಿಲ್ಲ. ಅದು ಇಸಿಜಿ, ಹೃದಯದ ಕರೆಂಟನ್ನು ಕಾಗದದ ಮೇಲೆ ಗೆರೆಯಾಗಿ ತೋರಿಸುವ ಪರೀಕ್ಷೆ.

ಇಂಥ ಮಗುವಿಗೆ ಒಂದು ಇಸಿಜಿ ಆಗಲೇಬೇಕು. ಯಾಕೆ ಅಂತ ತಿಳಿಯಲು ಹೃದಯದ ಒಳಗಿನ ಕರೆಂಟಿನ ವಿಚಾರ ಸ್ವಲ್ಪ ಗೊತ್ತಿರಬೇಕು.

ಹೃದಯಕ್ಕೆ ನಾಲ್ಕು ಕೋಣೆ. ಮೇಲಿನ ಎರಡು ರಕ್ತವನ್ನು ಬರಮಾಡಿಕೊಳ್ಳುತ್ತವೆ, ಕೆಳಗಿನ ಎರಡು ಹೊರಗೆ ತಳ್ಳುತ್ತವೆ. ಬಲಗಡೆಯ ಕೋಣೆಯಿಂದ ರಕ್ತ ಶ್ವಾಸಕೋಶಕ್ಕೆ, ಎಡಗಡೆಯದರಿಂದ ಇಡೀ ಮೈಗೆ. ಇಷ್ಟು ಶಾಲೆಯ ಪುಸ್ತಕದಲ್ಲೇ ಇದೆ. ಆದರೆ ಬಡಿ ಅಂತ ಹೃದಯಕ್ಕೆ ಹೇಳುವವರು ಯಾರು? ಬಲಗಡೆಯ ಮೇಲಿನ ಕೋಣೆಯ ಗೋಡೆಯಲ್ಲಿ ಒಂದು ಚಿಕ್ಕ ಗಂಟಿದೆ. ಕರೆಂಟು ಹುಟ್ಟುವುದು ಅಲ್ಲಿ. ಅದು ಮೊದಲು ಮೇಲಿನ ಕೋಣೆಗಳಿಗೆ ಹರಡುತ್ತದೆ. ನಡುವೆ ಇನ್ನೊಂದು ಗಂಟಿನಲ್ಲಿ ಕ್ಷಣ ಹೊತ್ತು ತಡೆಯುತ್ತದೆ. ಅಷ್ಟರಲ್ಲಿ ಮೇಲಿನ ರಕ್ತ ಕೆಳಗೆ ಇಳಿದಿರುತ್ತದೆ. ಆಮೇಲೆ ಕರೆಂಟು ಕೆಳಗಿನ ಕೋಣೆಗಳಿಗೆ ಹೋಗುತ್ತದೆ, ಅವು ಹಿಂಡುತ್ತವೆ. ದೊಡ್ಡವರಲ್ಲಿ ದಿನಕ್ಕೆ ಹೆಚ್ಚುಕಮ್ಮಿ ಒಂದು ಲಕ್ಷ ಸಲ ಇದು ನಡೆಯುತ್ತದೆ.

ಹಿಂಡಿದ ಮೇಲೆ ಪ್ರತಿ ಜೀವಕೋಶವೂ ಮುಂದಿನ ಬಡಿತಕ್ಕೆ ತಯಾರಾಗಬೇಕು. ಒಳಗಿರುವ ಪೊಟ್ಯಾಸಿಯಂ ಹೊರಗೆ ಹೋದರೆ ಮಾತ್ರ ಅದು ಸಾಧ್ಯ. ಜೀವಕೋಶದ ಗೋಡೆಯಲ್ಲಿ ಅದಕ್ಕೆಂದೇ ದಾರಿಗಳಿವೆ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ತೂಬು ಇದ್ದ ಹಾಗೆ ಅಂದುಕೊಳ್ಳಿ. ಇದರಲ್ಲಿ ಒಂದು ತೂಬಿಗೆ ವಿಶೇಷ ಕೆಲಸವಿದೆ. ನಾವು ಓಡಿದಾಗ, ಹೆದರಿದಾಗ ಹೃದಯ ಜೋರಾಗಿ ಬಡಿಯುತ್ತದೆ ಅಲ್ವಾ? ಆಗ ಬಡಿತಗಳ ನಡುವೆ ಸಮಯ ಕಮ್ಮಿ. ಬೇಗ ತಯಾರಾಗಲು ಈ ತೂಬು ಜಾಸ್ತಿ ತೆರೆದುಕೊಳ್ಳಬೇಕು.

ಕೆಲವು ಮಕ್ಕಳಲ್ಲಿ ಆ ತೂಬು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಸುಮ್ನೆ ಕೂತಾಗ ಉಳಿದ ದಾರಿಗಳು ಹೇಗೋ ನಿಭಾಯಿಸುತ್ತವೆ. ಓಡಿದಾಗ ಆಗುವುದಿಲ್ಲ. ಹಿಂದಿನ ಬಡಿತ ಪೂರ್ತಿ ಮುಗಿಯದೆ ಮುಂದಿನದು ಬಂದು ಬೀಳುತ್ತದೆ. ಕೆಳಗಿನ ಕೋಣೆಗಳು ಲಯ ತಪ್ಪಿ, ನಿಮಿಷಕ್ಕೆ 200ಕ್ಕೂ ಹೆಚ್ಚು ಸಲ ಅದುರಲು ಶುರುಮಾಡುತ್ತವೆ. ರಕ್ತ ಹೊರಗೆ ಹೋಗುವುದಿಲ್ಲ. ಮೆದುಳಿಗೆ ರಕ್ತ ನಿಂತು ಹತ್ತು ಸೆಕೆಂಡಾದರೆ ಸಾಕು, ಪ್ರಜ್ಞೆ ತಪ್ಪುತ್ತದೆ, ಕೈಕಾಲು ಜಗ್ಗಬಹುದು. ಲಯ ತಾನಾಗಿಯೇ ಸರಿಹೋದರೆ ಮಗು ಎದ್ದು ಕೂರುತ್ತದೆ. ಸರಿಹೋಗದಿದ್ದರೆ ಏಳುವುದಿಲ್ಲ.

ಇನ್ನು ಕಿವಿ. ಒಳಕಿವಿಯಲ್ಲಿ ಪೊಟ್ಯಾಸಿಯಂ ತುಂಬಿದ ಒಂದು ದ್ರವ ಇರಬೇಕು. ಅದಿಲ್ಲದೆ ಕೇಳಿಸುವುದಿಲ್ಲ. ಆ ಪೊಟ್ಯಾಸಿಯಂ ಅಲ್ಲಿಗೆ ಬರುವುದೂ ಇದೇ ಬಗೆಯ ತೂಬಿನಿಂದ. ಒಂದೇ ದೋಷ, ಎರಡು ಕಡೆ ಪೆಟ್ಟು.

1957ರಲ್ಲಿ ನಾರ್ವೆಯ ವೈದ್ಯರಾದ ಆಂಟನ್ ಯೆರ್ವೆಲ್ ಮತ್ತು ಫ್ರೆಡ್ ಲಾಂಗೆ-ನೀಲ್ಸನ್ ಒಂದು ಮನೆಯ ಬಗ್ಗೆ ಬರೆದರು. ಆರು ಮಕ್ಕಳಲ್ಲಿ ನಾಲ್ವರಿಗೆ ಕಿವಿ ಕೇಳುತ್ತಿರಲಿಲ್ಲ, ಆಗಾಗ ಪ್ರಜ್ಞೆ ತಪ್ಪುತ್ತಿತ್ತು. ಆ ನಾಲ್ವರಲ್ಲಿ ಮೂವರು 4, 5 ಮತ್ತು 9ನೇ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡರು. ಕಾಯಿಲೆಗೆ ಅವರಿಬ್ಬರ ಹೆಸರೇ ನಿಂತಿತು: ಯೆರ್ವೆಲ್ ಲಾಂಗೆ-ನೀಲ್ಸನ್ ಸಿಂಡ್ರೋಮ್. ಅದಕ್ಕೆ ಕಾರಣವಾದ ಜೀನ್‌ಗಳು ಗೊತ್ತಾಗಿದ್ದು 1997ರಲ್ಲಿ. ಒಂದು 11ನೇ ಕ್ರೋಮೋಸೋಮಿನಲ್ಲಿದೆ, ಇನ್ನೊಂದು 21ನೆಯದರಲ್ಲಿ.

ಮಾನ್ವಿ ಕಡೆಯ ಒಂದು ಹಳ್ಳಿಯಿಂದ ಏಳು ವರ್ಷದ ಹುಡುಗನನ್ನು ಕರೆತಂದಿದ್ದರು. “ಓಡಿದ್ರ ಬೀಳ್ತಾನ್ರಿ ಸರ, ಸುಮ್ನ ಕೂತ್ರ ಏನೂ ಆಗಂಗಿಲ್ರಿ” ಅಂದರು ತಾಯಿ. “ಬಿದ್ದಾಗ ಮುಖ ಹೆಂಗಿರ್ತದವ್ವ?” ಅಂತ ಕೇಳಿದೆ. “ಬಿಳಿಚಿಕೊಳ್ತದ್ರಿ. ಎದ್ದಮ್ಯಾಲ ಮತ್ತ ಆಡಾಕ ಹೋಗ್ತಾನ್ರಿ.” ಅರ್ಧ ರೋಗವನ್ನು ಅವರೇ ಹೇಳಿಬಿಟ್ಟಿದ್ದರು. ದೊಡ್ಡ ಫಿಟ್ಸ್ ಬಂದುಹೋದ ಮಗು ಸಾಮಾನ್ಯವಾಗಿ ಆಮೇಲೆ ಮಂಕಾಗಿ ಮಲಗುತ್ತದೆ. ಹೃದಯದ ತೊಂದರೆಯಿಂದ ಬಿದ್ದ ಮಗು ಬಿಳಿಚಿಕೊಂಡು ಬೀಳುತ್ತದೆ, ಬೇಗ ಚೇತರಿಸಿಕೊಳ್ಳುತ್ತದೆ.

ಇಸಿಜಿ ತೆಗೆಸಿದೆವು. ಆ ಕಾಗದದಲ್ಲಿ ಒಂದು ಚಿಕ್ಕ ಚೌಕ ಅಂದರೆ 0.04 ಸೆಕೆಂಡ್. ಅವನ ಒಂದು ಬಡಿತದಿಂದ ಮುಂದಿನ ಬಡಿತಕ್ಕೆ 19 ಚೌಕ. ಕೆಳಗಿನ ಕೋಣೆಗಳು ಕರೆಂಟು ಪಡೆದು ಮತ್ತೆ ತಯಾರಾಗುವವರೆಗಿನ ಅವಧಿಗೆ ಕ್ಯೂಟಿ ಅನ್ನುತ್ತೇವೆ. ಅದು ಎರಡು ಬಡಿತಗಳ ನಡುವಿನ ಅಂತರದ ಅರ್ಧದೊಳಗೆ, ಅಂದರೆ ಇವನಿಗೆ ಒಂಬತ್ತು ಚೌಕದ ಹೊತ್ತಿಗೆ ಮುಗಿಯಬೇಕಿತ್ತು. ಮುಗಿದದ್ದು 14ಕ್ಕೆ. 0.56 ಸೆಕೆಂಡ್. ಬಡಿತದ ವೇಗಕ್ಕೆ ಸರಿಹೊಂದಿಸಿ ಲೆಕ್ಕ ಹಾಕಿದರೆ 0.6 ದಾಟುತ್ತದೆ. 0.5 ದಾಟಿದರೇ ಅಪಾಯ. ಕಿರಿಯ ಡಾಕ್ಟರುಗಳಿಗೆ ಒಂದು ಮಾತು: ಮಷೀನು ಮೂಲೆಯಲ್ಲಿ ಮುದ್ರಿಸುವ ಅಂಕಿಯನ್ನಷ್ಟೇ ನಂಬಬೇಡಿ. ಚೌಕಗಳನ್ನು ಕಣ್ಣಿಂದ ಎಣಿಸಿ.

ಆ ಹುಡುಗನ ತಂದೆ, ತಾಯಿಗೆ ಸೋದರಮಾವ. ನಮ್ಮ ಕಡೆ ಇದು ಹೊಸದಲ್ಲ. ಆಸ್ತಿ ಉಳಿಯುತ್ತದೆ, ಹುಡುಗಿ ಗೊತ್ತಿದ್ದ ಮನೆಯಲ್ಲೇ ಇರುತ್ತಾಳೆ ಅಂತ ಒಳಸಂಬಂಧ ಮಾಡುತ್ತಾರೆ. ಅದರ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಲೆಕ್ಕ ನೋಡಿ. ಪ್ರತಿ ಜೀನಿನ ಎರಡು ಪ್ರತಿ ನಮ್ಮಲ್ಲಿರುತ್ತವೆ. ಒಂದು ತಂದೆಯದು, ಒಂದು ತಾಯಿಯದು. ಒಂದು ಕೆಟ್ಟಿದ್ದರೂ ಇನ್ನೊಂದರಿಂದ ಕಿವಿ ಚೆನ್ನಾಗಿಯೇ ಕೇಳುತ್ತದೆ. ಅಜ್ಜಿಯಲ್ಲಿ ಒಂದು ಕೆಟ್ಟ ಪ್ರತಿ ಇತ್ತು ಅನ್ನಿ. ಅದು ಮಗನಿಗೂ ಹೋಗಬಹುದು, ಮಗಳಿಗೂ ಹೋಗಬಹುದು, ಮಗಳಿಂದ ಮೊಮ್ಮಗಳಿಗೂ. ಮೊಮ್ಮಗಳನ್ನು ಅದೇ ಮಗನಿಗೆ ಕೊಟ್ಟರೆ, ಒಂದೇ ದೋಷ ಎರಡು ದಾರಿಯಿಂದ ಒಂದು ಮಗುವಿಗೆ ಬಂದು ಸೇರುವ ಸಾಧ್ಯತೆ ಇದೆ. ಗಂಡ ಹೆಂಡತಿ ಇಬ್ಬರಲ್ಲೂ ಅದಿದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು. ಒಂದು ಮಗುವಿಗೆ ಆಯ್ತಲ್ಲ, ಇನ್ನು ಮೂರಕ್ಕೆ ಚಿಂತೆಯಿಲ್ಲ ಅಂತ ಅಲ್ಲ. ಪ್ರತಿ ಸಲವೂ ಲೆಕ್ಕ ಮೊದಲಿಂದ ಶುರು.

ಒಳಸಂಬಂಧದ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಸುಮ್ನೆ ಹೆದರಿಸುವುದು ನನಗೆ ಬೇಕಿಲ್ಲ. ಆದರೆ ಮದುವೆಗೆ ಮುಂಚೆ ರಕ್ತದ ಗುಂಪು ನೋಡಿಸಿದ್ದೇವೆ, ಏನೂ ಆಗಲ್ಲ ಅನ್ನುತ್ತಾರಲ್ಲ, ರಕ್ತದ ಗುಂಪಿಗೂ ಇದಕ್ಕೂ ಸಂಬಂಧವೇ ಇಲ್ಲ. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ದೋಷ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬಂದಿರುತ್ತದೆ. ಹೆಣ್ಣುಮಗಳೊಬ್ಬಳನ್ನೇ ದೂರುವುದು ಅನ್ಯಾಯ.

ಕಿವಿ ಕೇಳದ ಮಕ್ಕಳಲ್ಲಿ ಈ ಕಾಯಿಲೆ ಅಪರೂಪ. ನೂರರಲ್ಲಿ ಒಬ್ಬರಿಗೂ ಇರಲಿಕ್ಕಿಲ್ಲ. ಆದರೂ ಪ್ರತಿ ಮಗುವಿಗೆ ಇಸಿಜಿ ಮಾಡಿಸಿ ಅನ್ನುತ್ತೇನೆ. ಯಾಕೆಂದರೆ ಚಿಕಿತ್ಸೆ ಸಿಗದಿದ್ದರೆ ಈ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ 15 ವರ್ಷ ತುಂಬುವ ಮುಂಚೆಯೇ ತೀರಿಕೊಳ್ಳುತ್ತಾರೆ. ಇಸಿಜಿಗೆ ಬೇಕಾಗುವುದು ಕೆಲವೇ ನಿಮಿಷ. ಸೂಜಿಯಿಲ್ಲ, ನೋವಿಲ್ಲ. ಕೇಳಿಸಲೆಂದು ಒಳಕಿವಿಯಲ್ಲಿ ಯಂತ್ರ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ನಿಗೆ ಮುಂಚೆಯಂತೂ ಬೇಕೇ ಬೇಕು. ಅರಿವಳಿಕೆ ಕೊಡುವ ಡಾಕ್ಟರಿಗೆ ಈ ವಿಷಯ ಮೊದಲೇ ಗೊತ್ತಿರಬೇಕು.

ಚಿಕಿತ್ಸೆ ಪ್ರೊಪ್ರನೊಲಾಲ್ ಥರದ ಮಾತ್ರೆಯಿಂದ ಶುರುವಾಗುತ್ತದೆ. ಅದು ಗಾಬರಿಯ ಹಾರ್ಮೋನು ಹೃದಯವನ್ನು ಓಡಿಸದಂತೆ ತಡೆಯುತ್ತದೆ. ಒಂದು ದಿನವೂ ತಪ್ಪಿಸಬಾರದು, ತಾವಾಗಿಯೇ ನಿಲ್ಲಿಸಬಾರದು. ಎಷ್ಟೋ ಮಕ್ಕಳಿಗೆ ಮಾತ್ರೆಯೊಂದೇ ಸಾಲದು, ಲಯ ತಪ್ಪಿದಾಗ ಶಾಕ್ ಕೊಟ್ಟು ಸರಿಮಾಡುವ ಚಿಕ್ಕ ಯಂತ್ರವನ್ನು ಎದೆಯಲ್ಲಿ ಕೂರಿಸಬೇಕಾಗುತ್ತದೆ.

ಮನೆಯವರು ನೋಡಿಕೊಳ್ಳಬೇಕಾದ್ದೂ ಕಮ್ಮಿಯಿಲ್ಲ. ನಮ್ಮಲ್ಲಿ ಮೆಡಿಕಲ್ ಶಾಪಿಗೆ ಹೋಗಿ ವಾಂತಿಗೆ, ಕೆಮ್ಮಿಗೆ ಮಾತ್ರೆ ಕೇಳಿ ತರುವ ರೂಢಿ. ಅಜಿತ್ರೋಮೈಸಿನ್, ಒಂಡಾನ್ಸೆಟ್ರಾನ್, ಡೊಂಪೆರಿಡೋನ್ ಇವೆಲ್ಲ ಕ್ಯೂಟಿಯನ್ನು ಇನ್ನೂ ಉದ್ದ ಮಾಡಬಲ್ಲವು. ಕಾಯಿಲೆಯ ಹೆಸರು ಬರೆದ ಚೀಟಿ ತೋರಿಸದೆ ಈ ಮಗುವಿಗೆ ಯಾವ ಮಾತ್ರೆಯನ್ನೂ ತರಬೇಡಿ. ರಾಯಚೂರಿನ ಏಪ್ರಿಲ್, ಮೇ ಬಿಸಿಲು ನಿಮಗೆ ಗೊತ್ತೇ ಇದೆ. ವಾಂತಿ ಭೇದಿಯಾದರೆ ಮೈಯಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ಅಪಾಯ ಏರುತ್ತದೆ. ಓಆರ್‌ಎಸ್ ಕುಡಿಸುತ್ತಾ ಅವತ್ತೇ ಆಸ್ಪತ್ರೆಗೆ ಬನ್ನಿ. ಬೇಸಿಗೆಯಲ್ಲಿ ಹುಡುಗರು ಕಾಲುವೆಗೆ ಹಾರುತ್ತಾರೆ. ಈ ಕಾಯಿಲೆಯಲ್ಲಿ ಈಜು ಬಹಳ ಕೆಟ್ಟದ್ದು. ಚೆನ್ನಾಗಿ ಈಜು ಬರುವ ಹುಡುಗನೂ ನೀರಿನಲ್ಲೇ ಪ್ರಜ್ಞೆ ತಪ್ಪಬಹುದು.

ಮಗು ಬಿದ್ದು ಉಸಿರಾಡದಿದ್ದರೆ ಕೀಲಿ ಹುಡುಕಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಎದೆಯ ನಡುವೆ ಗಟ್ಟಿಯಾಗಿ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಿ.

ಒಂದು ಮಗುವಿಗೆ ಈ ಕಾಯಿಲೆ ಇದೆ ಅಂತ ಗೊತ್ತಾದರೆ ತಂದೆ, ತಾಯಿ, ಒಡಹುಟ್ಟಿದವರಿಗೂ ಇಸಿಜಿ ಆಗಬೇಕು. ಒಂದೇ ಕೆಟ್ಟ ಪ್ರತಿ ಇದ್ದವರಿಗೆ ಕಿವಿ ಕೇಳುತ್ತದೆ, ಆದರೆ ಅವರಲ್ಲೂ ಕೆಲವರಿಗೆ ಕ್ಯೂಟಿ ಉದ್ದ ಇರುತ್ತದೆ. ಅಂಗನವಾಡಿಗೆ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತದೆ. ಶಿಕ್ಷಕರೇ, ಕಿವಿ ಕೇಳದ ಮಗು ಆಟದ ಬಯಲಿನಲ್ಲಿ ಒಂದೇ ಒಂದು ಸಲ ಬಿದ್ದಿದ್ದರೂ ಆ ತಂಡದವರಿಗೆ ಹೇಳಿ, ಇಸಿಜಿಗೆ ಚೀಟಿ ಬರೆಸಿಕೊಳ್ಳಿ.